ಸ್ತನ್ಯನಾಶವೂ ತಾಯಿಯ ಚಿಂತೆಯೂ

ಹೆರಿಗೆಯಾದ ಮನೆಯಲ್ಲಿ ಕೂಸಿಗೆ ಹಾಲು ಸಾಲದೆಂಬ ಮಾತು ಹುಟ್ಟಿದರೆ, ಅದರ ಬೆನ್ನಿಗೇ ‘ಬಾಣಂತಿ ಚಿಂತೆ ಹಚ್ಚಿಕೊಂಡಳು, ಹಾಲು ಬತ್ತಿತು’ ಎಂಬ ನಿರ್ಣಯವೂ ಹೊರಡುವುದು ರೂಢಿಯಾಗಿದೆ. ಈ ನಿರ್ಣಯಕ್ಕೆ ಆಧಾರವೇನೆಂದು ಕೇಳಿದರೆ ತಿಳಿದವರು ಆಯುರ್ವೇದವನ್ನು ಹೆಸರಿಸುತ್ತಾರೆ. ಕ್ರೋಧ ಶೋಕ ಮೊದಲಾದ ಮನೋವಿಕಾರಗಳು ಸ್ತನ್ಯನಾಶಕ್ಕೆ ಹೇತುಗಳೆಂದು ಪ್ರಾಚೀನ ವೈದ್ಯಗ್ರಂಥಗಳಲ್ಲಿ ಹೇಳಿರುವುದು ನಿಜವೇ. ಆದರೆ ‘ಸ್ತನ್ಯನಾಶ’ವೆಂಬ ಪದಕ್ಕೆ ‘ಹಾಲು ಬತ್ತಿಹೋಗುವುದು’ ಎಂಬುದೇ ಅರ್ಥವೇ ಎಂಬುದು ವಿಚಾರಣೀಯವಾಗಿದೆ. ಹಾಲು ಹುಟ್ಟದಿರುವುದು ಒಂದು. ಹುಟ್ಟಿದ ಹಾಲು ಇಳಿದು ಬಾರದಿರುವುದು ಇನ್ನೊಂದು. ಇವೆರಡನ್ನೂ ಒಂದೇ ಹೆಸರಿನಿಂದ ಕರೆದರೆ ಕೆಡುವುದು ಶಬ್ದಶಾಸ್ತ್ರ ಮಾತ್ರವಲ್ಲ. ಹಾಲು ಬತ್ತಿತೆಂದು ನಿಶ್ಚಯಿಸಿದ ಮನೆಯವರು ಹೊರಗಿನ ಹಾಲಿಗೆ ಕೈಹಾಕುತ್ತಾರೆ. ತಾಯಿಯು ತನ್ನ ಮನಸ್ಸಿನ ದೋಷದಿಂದಲೇ ಕೂಸು ಉಪವಾಸ ಬಿದ್ದಿತೆಂದು ಮತ್ತಷ್ಟು ಕೊರಗುತ್ತಾಳೆ. ಆ ಕೊರಗೇ ಮುಂದಿನ ಹೊತ್ತಿನ ಹಾಲಿಗೆ ಅಡ್ಡಿಯಾಗುತ್ತದೆ. ಆದುದರಿಂದ ಪ್ರಾಚೀನರು ಏನು ಹೇಳಿದರು, ಏನನ್ನು ಹೇಳಲಿಲ್ಲ, ಇಂದಿನ ಶಾರೀರವಿಜ್ಞಾನಕ್ಕೂ ಅದಕ್ಕೂ ಎಷ್ಟರ ಮಟ್ಟಿಗೆ ಹೊಂದಿಕೆಯುಂಟು ಎಂಬುದನ್ನು ಪರಿಶೀಲಿಸುವುದು ಯುಕ್ತ.

ಸುಶ್ರುತಸಂಹಿತೆಯಲ್ಲಿ ಸ್ತನ್ಯದ ಪ್ರಸ್ತಾಪವು ಒಂದೇ ಕಡೆಯಲ್ಲಿ ಬಂದಿಲ್ಲ. ಸೂತ್ರ, ನಿದಾನ, ಶಾರೀರವೆಂಬ ಮೂರು ಸ್ಥಾನಗಳಲ್ಲಿಯೂ ಚೆದರಿದೆ. ಇವುಗಳನ್ನು ಒಟ್ಟಿಗೆ ಇಟ್ಟು ನೋಡದೆ ಒಂದು ಪಂಕ್ತಿಯನ್ನು ಮಾತ್ರ ಕಿತ್ತು ತೋರಿಸುವುದರಿಂದಲೇ ಭ್ರಾಂತಿ ಹುಟ್ಟಿದಂತೆ ತೋರುತ್ತದೆ. ನಿದಾನಸ್ಥಾನದ ಹತ್ತನೆಯ ಅಧ್ಯಾಯದಲ್ಲಿ ಸ್ತನರೋಗಗಳನ್ನು ಹೇಳುವ ಸಂದರ್ಭದಲ್ಲಿ ಗ್ರಂಥಕಾರನು ಸ್ತನ್ಯದ ಪ್ರವೃತ್ತಿಯನ್ನು ವಿವರಿಸುತ್ತಾನೆ. ಕನ್ಯೆಯರಲ್ಲಿ ಸ್ತನವನ್ನು ಆಶ್ರಯಿಸಿದ ಧಮನಿಗಳ ಬಾಯಿ ಮುಚ್ಚಿರುತ್ತದೆ. ಗರ್ಭಿಣಿಯರಲ್ಲಿಯೂ ಹೆತ್ತವರಲ್ಲಿಯೂ ಅವು ಸ್ವಭಾವದಿಂದಲೇ ತೆರೆದುಕೊಳ್ಳುತ್ತವೆ. ಅನ್ನರಸದ ಮಧುರವಾದ ಸಾರಭಾಗವೇ ದೇಹವನ್ನೆಲ್ಲ ವ್ಯಾಪಿಸಿ ಸ್ತನಗಳಿಗೆ ಬಂದು ಸ್ತನ್ಯವೆನಿಸುತ್ತದೆ. ಇಷ್ಟು ಹುಟ್ಟಿನ ಮಾತು. ಇದಾದಮೇಲೆ ಹರಿವಿನ ಮಾತು ಬೇರೆಯಾಗಿಯೇ ಬರುತ್ತದೆ: ಶುಕ್ರವು ಹೇಗೆ ದೇಹವನ್ನು ವ್ಯಾಪಿಸಿಕೊಂಡಿದ್ದು ದರ್ಶನ ಸ್ಮರಣಾದಿಗಳಿಂದ ಹೊರಡುವುದೋ ಹಾಗೆ ಸ್ತನ್ಯವೂ ಕೂಸಿನ ಸ್ಪರ್ಶ, ದರ್ಶನ, ಸ್ಮರಣ, ಕೂಸು ಮೈಯನ್ನು ಹಿಡಿದುಕೊಳ್ಳುವುದು, ಇವುಗಳಿಂದ ಪ್ರವರ್ತಿಸುತ್ತದೆ, ಎಡೆಬಿಡದ ಸ್ನೇಹವೇ ಅದರ ಪ್ರಸ್ರವಕ್ಕೆ ಹೇತು. ವೈದ್ಯಗ್ರಂಥಗಳಲ್ಲಿ ‘ಸ್ನೇಹ’ವೆಂದೊಡನೆ ತುಪ್ಪ ಎಣ್ಣೆಗಳು ಮುಂದೆ ಬಂದು ನಿಲ್ಲುತ್ತವೆ. ಬಾಣಂತಿಗೆ ಬಡಿಸುವ ತುಪ್ಪದ ಪ್ರಮಾಣವನ್ನು ನೋಡಿದರೆ ಇಲ್ಲಿಯೂ ಹಾಗೆಯೇ ಅರ್ಥಮಾಡಿದವರಿದ್ದರೇನೋ ಎನಿಸುತ್ತದೆ. ಆದರೆ ಅಪತ್ಯದರ್ಶನ ಅಪತ್ಯಸ್ಮರಣಗಳ ಸಾಹಚರ್ಯದಿಂದ ಇಲ್ಲಿ ಪ್ರೀತಿಯೇ ವಿವಕ್ಷಿತವೆಂಬುದರಲ್ಲಿ ಸಂದೇಹವಿಲ್ಲ.

ಶಾರೀರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ ಮತ್ತೆರಡು ಮಾತುಗಳಿವೆ. ಹೆತ್ತ ಮೂರು ಅಥವಾ ನಾಲ್ಕು ರಾತ್ರಿಗಳ ಮೇಲೆ ಸ್ತನ್ಯವು ಪ್ರವರ್ತಿಸುತ್ತದೆಂಬುದು ಮೊದಲನೆಯದು. ಕ್ರೋಧ, ಶೋಕ, ಅವಾತ್ಸಲ್ಯ ಮೊದಲಾದವುಗಳಿಂದ ಸ್ತನ್ಯನಾಶವಾಗುತ್ತದೆಂಬುದು ಎರಡನೆಯದು. ಈ ಎರಡನೆಯ ಮಾತೇ ಲೋಕಪ್ರಸಿದ್ಧವಾದುದು. ಆದರೆ ಇದರ ಪಕ್ಕದಲ್ಲಿ ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯವನ್ನು ಇಟ್ಟು ನೋಡಬೇಕು. ಅಲ್ಲಿ ದೋಷಧಾತುಮಲಗಳ ಕ್ಷಯವೃದ್ಧಿಗಳನ್ನು ಹೇಳುತ್ತ ‘ಸ್ತನ್ಯಕ್ಷಯ’ವೆಂಬ ಬೇರೊಂದು ಅವಸ್ಥೆಯನ್ನು ಹೇಳಿದೆ. ಸ್ತನಗಳು ಬಾಡುವುದು, ಹಾಲು ಹುಟ್ಟದಿರುವುದು ಅಥವಾ ಕಡಿಮೆಯಾಗುವುದು ಅದರ ಲಕ್ಷಣ. ಕಫವನ್ನು ಹೆಚ್ಚಿಸುವ ದ್ರವ್ಯಗಳ ಉಪಯೋಗ ಅದರ ಚಿಕಿತ್ಸೆ. ಅಲ್ಲಿ ಮನಸ್ಸಿನ ಪ್ರಸ್ತಾಪವೇ ಇಲ್ಲ. ಸ್ತನ್ಯನಾಶವನ್ನು ಹೇಳುವ ಕಡೆಯಲ್ಲಾದರೋ ಸ್ತನಗಳು ಬಾಡುವ ಪ್ರಸ್ತಾಪವಿಲ್ಲ. ಹೇತುಗಳೆಲ್ಲ ಮನಸ್ಸಿನವು, ಚಿಕಿತ್ಸೆಯಲ್ಲಿ ಮೊದಲನೆಯದೂ ಮನಸ್ಸಿನದೇ. ಒಂದೇ ಗ್ರಂಥದಲ್ಲಿ ಎರಡು ಹೆಸರು, ಎರಡು ಬಗೆಯ ಹೇತುಲಕ್ಷಣಗಳು ಕಂಡುಬರುವಾಗ ಎರಡನ್ನೂ ಒಂದೆಂದು ತಿಳಿಯುವುದಕ್ಕೆ ಮುಂಚೆ ನಿಲ್ಲಬೇಕಾಗುತ್ತದೆ.

ಶಬ್ದವೃತ್ತಿಯೂ ಈ ಭೇದಕ್ಕೆ ಅನುಕೂಲವಾಗಿದೆ. ‘ನಶ್’ ಧಾತುವಿಗೆ ಧಾತುಪಾಠದಲ್ಲಿ ಕೊಟ್ಟಿರುವ ಅರ್ಥ ‘ಅದರ್ಶನ’, ಎಂದರೆ ಕಾಣದಿರುವುದು. ನಷ್ಟವಾದ ಹಸು ಸತ್ತ ಹಸುವಲ್ಲ, ಕಣ್ಣಿಗೆ ಬೀಳದೆ ಹೋದ ಹಸು. ಪಾಣಿನಿಯು ‘ಲೋಪ’ವೆಂಬ ಸಂಜ್ಞೆಯನ್ನು ಮಾಡುವಾಗಲೂ (೧.೧.೬೦) ಈ ಅದರ್ಶನ ಶಬ್ದವನ್ನೇ ಬಳಸುತ್ತಾನೆ, ಲೋಪವಾದ ಪ್ರತ್ಯಯವು ಕಾಣದಿದ್ದರೂ ಅದನ್ನು ನಿಮಿತ್ತವಾಗಿ ಉಳ್ಳ ಕಾರ್ಯವು ನಡೆಯುತ್ತದೆಂದು ಎರಡು ಸೂತ್ರಗಳ ಮುಂದೆಯೇ ವಿಧಿಸುತ್ತಾನೆ. ಹಾಗೆ ನೋಡಿದರೆ ಸ್ತನ್ಯನಾಶವೆಂದರೆ ಇರುವ ಹಾಲು ಕಾಣದೆ ಹೋಗುವುದು. ಸ್ತನ್ಯಕ್ಷಯವೆಂದರೆ ಹಾಲೇ ಕುಗ್ಗುವುದು. ಇಷ್ಟನ್ನು ಹೇಳಿದಮೇಲೆ ಇದರ ವಿರುದ್ಧಪಕ್ಷವನ್ನೂ ಮರೆಮಾಡದೆ ಹೇಳಬೇಕು. ಲೋಕದಲ್ಲಿ ನಾಶಶಬ್ದವು ಧ್ವಂಸಾರ್ಥದಲ್ಲಿಯೂ ಧಾರಾಳವಾಗಿ ಪ್ರಯುಕ್ತವಾಗಿದೆ. ಅಷ್ಟಾಂಗಹೃದಯದ ಉತ್ತರಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ವಾಗ್ಭಟನು ಶೋಕ, ಕ್ರೋಧಗಳ ಜೊತೆಗೆ ಲಂಘನ, ಆಯಾಸಗಳನ್ನೂ ಸೇರಿಸಿ ನಾಲ್ಕನ್ನೂ ಸ್ತನ್ಯನಾಶಹೇತುಗಳೆಂದೇ ಎಣಿಸಿದ್ದಾನೆ. ಉಪವಾಸ ಶ್ರಮಗಳಿಂದಾಗುವುದು ಹಾಲಿನ ಕುಗ್ಗುವಿಕೆಯೇ ಆದುದರಿಂದ ವಾಗ್ಭಟನ ಕಾಲಕ್ಕೆ ಈ ಪದಭೇದವು ಅಳಿಸಿಹೋಗಿತ್ತೆಂದೋ, ಅಥವಾ ಸುಶ್ರುತದಲ್ಲಿಯೂ ಅದು ಬುದ್ಧಿಪೂರ್ವಕವಾದುದಲ್ಲವೆಂದೋ ಹೇಳಬಹುದು. ಪದದ ಬಲದಿಂದ ಮಾತ್ರ ಈ ವಾದವು ನಿಲ್ಲಲಾರದು. ಪ್ರಸ್ರವಕ್ಕೆ ಸ್ನೇಹವೇ ಹೇತುವೆಂಬ ನಿದಾನಸ್ಥಾನದ ವಾಕ್ಯದ ಬಲದಿಂದ ನಿಲ್ಲುತ್ತದೆ. ಸ್ನೇಹವು ಹರಿವಿಗೆ ಹೇತುವಾದರೆ ಸ್ನೇಹಕ್ಕೆ ಒದಗಿದ ಅಡ್ಡಿಯು ಹರಿವಿಗೇ ಅಡ್ಡಿಯಾಗಬೇಕಲ್ಲದೆ ಹುಟ್ಟಿಗೆ ನೇರವಾಗಿ ಅಡ್ಡಿಯಾಗಲಾರದು.

ಕವಿಗಳು ಈ ವಿಷಯದಲ್ಲಿ ವೈದ್ಯರಿಗಿಂತ ಹಿಂದೆ ಬಿದ್ದವರಲ್ಲ. ರಘುವಂಶದ ಮೊದಲನೆಯ ಸರ್ಗದಲ್ಲಿ ನಂದಿನಿಯು ವನದಿಂದ ಆಶ್ರಮಕ್ಕೆ ಬರುವಾಗ ಕರುವನ್ನು ಕಂಡ ಮಾತ್ರಕ್ಕೆ ಅವಳ ಕೆಚ್ಚಲಿನಿಂದ ಉಗುರುಬೆಚ್ಚಗಿನ ಹಾಲು ನೆಲಕ್ಕೆ ಸುರಿಯುತ್ತದೆ. ಇದು ದರ್ಶನದಿಂದಾದ ಪ್ರಸ್ರವ. ವಿಕ್ರಮೋರ್ವಶೀಯದ ಐದನೆಯ ಅಂಕದಲ್ಲಿ ಬೆಳೆದ ಮಗನಾದ ಆಯುವನ್ನು ಕಾಣಬಂದ ಊರ್ವಶಿಯ ಎದೆಯ ವಸ್ತ್ರವು ಸ್ನೇಹಪ್ರಸ್ರವದಿಂದ ತೊಯ್ದಿರುತ್ತದೆ. ಭಾಗವತದ ದಶಮಸ್ಕಂಧದಲ್ಲಿ ಇನ್ನೂ ಸೂಕ್ಷ್ಮವಾದ ಸಂದರ್ಭವೊಂದಿದೆ. ಹುಟ್ಟಿದ ಹತ್ತು ದಿನದೊಳಗೆ ಅಪಹೃತನಾದ ಪ್ರದ್ಯುಮ್ನನು ಯುವಕನಾಗಿ ದ್ವಾರಕೆಗೆ ಮರಳುತ್ತಾನೆ. ಅವನು ತನ್ನ ಮಗನೆಂದು ರುಕ್ಮಿಣಿಗೆ ತಿಳಿಯದು. ಆದರೂ ಕಳೆದುಹೋದ ಮಗನು ನೆನಪಿಗೆ ಬರುತ್ತಾನೆ, ಅಷ್ಟರಿಂದಲೇ ಎದೆ ಒಸರುತ್ತದೆ. ಇಲ್ಲಿ ಪ್ರವರ್ತಕವಾದುದು ಸ್ಮರಣ. ಸುಶ್ರುತನ ಎಣಿಕೆಯಲ್ಲಿ ಸ್ಮರಣಕ್ಕೂ ಬೇರೆ ಸ್ಥಾನವಿರುವುದನ್ನು ಗಮನಿಸಿದರೆ, ಅಲಂಕಾರಿಕರು ಇಂಥ ಪ್ರಸಂಗಗಳನ್ನು ಬರಿಯ ಅತಿಶಯೋಕ್ತಿಯೆಂದು ತಳ್ಳಿಬಿಡುವುದು ಸರಿಯಲ್ಲವೆಂದು ತಿಳಿಯುತ್ತದೆ. ವರ್ಷಗಳ ಮೇಲೆ ಹಾಲು ಬರುವುದೆಂಬುದರಲ್ಲಿ ಅತಿಶಯವಿದೆ. ಕೂಸಿನ ನೆನಪಿನಿಂದಲೇ ಹಾಲಿಳಿಯುವುದೆಂಬುದರಲ್ಲಿ ಅತಿಶಯವೇನೂ ಇಲ್ಲ.

‘ವತ್ಸಲ’ಶಬ್ದದ ಹುಟ್ಟೂ ಈ ಕೊಟ್ಟಿಗೆಯಲ್ಲಿಯೇ. ವತ್ಸವೆಂದರೆ ಕರು, ಆ ಶಬ್ದದ ಮೇಲೆ ಪ್ರೀತಿಯೆಂಬ ಅರ್ಥದಲ್ಲಿ ಲಚ್ ಪ್ರತ್ಯಯವು ಬರುತ್ತದೆಂದು ಪಾಣಿನಿಯು ವಿಧಿಸಿದ್ದಾನೆ (೫.೨.೯೮). ಹಸುವಿಗೆ ಕರುವಿನಲ್ಲಿರುವ ಭಾವವೇ ಬೆಳೆದು ಮನುಷ್ಯರ ವಾತ್ಸಲ್ಯವೆನಿಸಿತು. ಇದರಿಂದ ಸುಶ್ರುತದಲ್ಲಿ ಬರುವ ‘ಅವಾತ್ಸಲ್ಯ’ವೆಂಬ ಮಾತನ್ನು ಹೇಗೆ ತಿಳಿಯಬೇಕೆಂಬ ಪ್ರಶ್ನೆಯು ಏಳುತ್ತದೆ. ಈ ಒಂದು ಮಾತಿನಿಂದ ತಾಯಂದಿರಿಗೆ ಅನ್ಯಾಯವಾಗಬಹುದಾದುದರಿಂದ ಇದನ್ನು ಸ್ವಲ್ಪ ನಿಂತು ನೋಡಬೇಕು. ನಞ್ ಎಂಬ ನಿಷೇಧಾವ್ಯಯಕ್ಕೆ ಸಾದೃಶ್ಯ, ಅಭಾವ, ಅನ್ಯತ್ವ, ಅಲ್ಪತೆ, ಅಪ್ರಾಶಸ್ತ್ಯ, ವಿರೋಧ ಎಂದು ಆರು ಅರ್ಥಗಳನ್ನು ವೈಯಾಕರಣರು ಹೇಳುತ್ತಾರೆ. ವಿರೋಧಾರ್ಥವನ್ನು ಹಿಡಿದರೆ ಅವಾತ್ಸಲ್ಯವು ಮಗುವಿನಲ್ಲಿ ದ್ವೇಷವಾಗುತ್ತದೆ. ಹಾಲಿಲ್ಲದ ತಾಯಿಯು ಮಗುವನ್ನು ಒಲ್ಲದವಳೆಂಬ ಕ್ರೂರವಾದ ಲೋಕವಾದಕ್ಕೆ ಆಗ ಶಾಸ್ತ್ರದ ಮುದ್ರೆಯೇ ಬಿದ್ದಂತಾಗುತ್ತದೆ. ಆದರೆ ಮೊದಲು ಬಂದಿರುವ ಕ್ರೋಧ ಶೋಕಗಳು ಬಂದುಹೋಗುವ ಭಾವಗಳು. ಅವುಗಳ ಪಂಕ್ತಿಯಲ್ಲಿರುವ ಅವಾತ್ಸಲ್ಯವನ್ನೂ ತಾತ್ಕಾಲಿಕವಾದ ಅಭಾವ ಅಥವಾ ಅಲ್ಪತೆಯೆಂದು ತಿಳಿಯುವುದೇ ನ್ಯಾಯ. ಚಿಂತೆಯಲ್ಲಿ ಮುಳುಗಿದ ತಾಯಿಗಂತೂ ವಾತ್ಸಲ್ಯದ ಕೊರತೆಯೆಂಬುದೇ ಸಲ್ಲದು. ಕೂಸು ಬದುಕೀತೆ, ತೂಕ ಏರೀತೆ, ಹಾಲು ಸಾಕೆ ಎಂದು ಅಂಜುವವಳು ವತ್ಸಲೆಯಲ್ಲದೆ ಮತ್ತೇನು?

ಚಿಂತೆಯ ಹೆಸರು ಸುಶ್ರುತದ ಈ ಎಣಿಕೆಯಲ್ಲಿ ಬಿಡಿಯಾಗಿ ಬಂದಿಲ್ಲ. ‘ಆದಿ’ಶಬ್ದದಿಂದ ಅದನ್ನು ಸಂಗ್ರಹಿಸಿಕೊಳ್ಳಬೇಕು. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೂವತ್ತನೆಯ ಅಧ್ಯಾಯದಲ್ಲಾದರೋ ಮನಸ್ಸಿನ ಮತ್ತು ಶರೀರದ ಸಂತಾಪ, ರಾತ್ರಿಯ ನಿದ್ದೆಗೇಡು, ಚಿಂತನೆ ಇವು ಮೂರೂ ಒಟ್ಟಿಗೆ ಬರುತ್ತವೆ. ಆದರೆ ಅಲ್ಲಿ ಅವು ಸ್ತನ್ಯದ ದೋಷಕ್ಕೆ ಹೇತುಗಳೇ ಹೊರತು ಸ್ತನ್ಯವಿಲ್ಲದಿರುವಿಕೆಗೆ ಅಲ್ಲ. ಇದು ಮೂರನೆಯ ವಿಷಯ. ‘ಸಿಟ್ಟಿನಲ್ಲಿ ಹಾಲು ಕೊಟ್ಟರೆ ಕೂಸಿಗೆ ವಿಷ’ವೆಂಬ ಮಾತಿಗೆ ಮೂಲವು ಇಂಥ ಕಡೆಯಲ್ಲಿದೆ. ಇಂದಿನ ಪರೀಕ್ಷೆಗಳಿಂದ ತಾಯಿಯ ರಕ್ತದಲ್ಲಿರುವ ಕಾರ್ಟಿಸಾಲ್ ಎಂಬ ಸ್ರಾವವು ಹಾಲಿನಲ್ಲಿಯೂ ಸ್ವಲ್ಪ ಸೇರುತ್ತದೆಂದು ತಿಳಿದಿದ್ದರೂ, ಚಿಂತೆಗೊಂಡ ತಾಯಿಯ ಹಾಲು ಕೂಸಿಗೆ ಅಪಥ್ಯವೆಂದು ಹೇಳುವುದಕ್ಕೆ ಯಾವ ಆಧಾರವೂ ಇಲ್ಲ.

ಕನ್ನಡ ನುಡಿಯಲ್ಲಿ ಈ ಅವಸ್ಥೆಗಳಿಗೆ ಬೇರೆ ಬೇರೆ ಮಾತುಗಳಿರುವುದನ್ನು ಭಾಷಾಭ್ಯಾಸಿಗಳು ನೋಡಬೇಕು. ಹಾಲು ಇಲ್ಲವಾದರೆ ‘ಬತ್ತಿತು’. ಇದ್ದೂ ಹೊರಬಾರದೆ ಎದೆ ಬಿಗಿದರೆ ‘ಕಟ್ಟಿತು’. ಸಲೀಸಾಗಿ ಬಂದರೆ ‘ಇಳಿಯಿತು’. ಕರುವನ್ನು ಬಿಟ್ಟು ಮೂತಿಯಿಂದ ಗುದ್ದಿಸಿದಮೇಲೆ ಹಸು ‘ಸೊರೆ ಬಿಟ್ಟಿತು’ ಎನ್ನುವರು. ಹಾಲು ತುಂಬಿ ಒಸರುವುದೆಂಬರ್ಥದ ಹಳೆಯ ‘ತೊರೆ’ ಧಾತುವೇ ಇದು. ತಮಿಳಿನ ‘ಸುರ’, ಮಲೆಯಾಳದ ‘ಚುರ’ ಇದರ ಒಡಹುಟ್ಟುಗಳು. ತ್ಯಾಗಾರ್ಥದ ‘ತೊಱೆ’ಯಲ್ಲಿ ಶಕಟರೇಫವಿರುವುದರಿಂದ ಅದು ಬೇರೆಯ ಧಾತು, ಈಗಿನ ಬರವಣಿಗೆಯಲ್ಲಿ ಎರಡೂ ಒಂದಾಗಿ ಕಾಣುವುದು ಲಿಪಿಯ ದೋಷ. ಸೊರೆ ಬಿಡದ ಹಸುವಿಗೆ ಹಾಲು ಬತ್ತಿತೆಂದು ಯಾವ ಗೌಳಿಗನೂ ಹೇಳುವುದಿಲ್ಲ. ಹೊಸಬನು ಕೈ ಹಾಕಿದನೆಂದೋ ನಾಯಿ ಬೊಗಳಿತೆಂದೋ ಹೇಳಿ ಕರುವನ್ನು ಮತ್ತೆ ಬಿಡುತ್ತಾನೆ. ಹಸುವಿಗೆ ಸಲ್ಲುವ ಈ ವಿವೇಕವು ಬಾಣಂತಿಯ ಕೋಣೆಗೆ ಬಂದಾಗ ಹೇಗೆ ಮಾಯವಾಗುವುದೋ ತಿಳಿಯದು.

ಗೌಳಿಗನ ಈ ತಿಳಿವನ್ನೇ ೧೯೪೧ರಲ್ಲಿ ಅಮೆರಿಕದ ಈಲಿ ಮತ್ತು ಪೀಟರ್ಸನ್ ಎಂಬ ವಿಜ್ಞಾನಿಗಳು ಪ್ರಯೋಗಕ್ಕೆ ಒಡ್ಡಿದರು. ಹಸುವಿನ ಕೆಚ್ಚಲಿನ ಒಂದು ಪಕ್ಕದ ನರಗಳನ್ನು ಕತ್ತರಿಸಿದರೂ ಆ ಪಕ್ಕದಲ್ಲಿಯೂ ಹಾಲಿಳಿಯಿತು; ಆದುದರಿಂದ ಇಳಿಸುವ ಶಕ್ತಿಯು ನರದಿಂದ ನೇರವಾಗಿ ಬಾರದೆ ರಕ್ತದ ಮೂಲಕ ಬರುತ್ತದೆಂದು ಸಿದ್ಧವಾಯಿತು. ಆಮೇಲೆ ಹಸುವಿನ ಬೆನ್ನಿನ ಮೇಲೆ ಬೆಕ್ಕನ್ನು ಇಟ್ಟರು, ಕಾಗದದ ಚೀಲಗಳನ್ನು ಊದಿ ಒಡೆದರು. ಹೆದರಿದ ಹಸು ಹಾಲನ್ನು ತಡೆಹಿಡಿಯಿತು. ಕೆಚ್ಚಲಿನಲ್ಲಿ ಹಾಲಿತ್ತು, ಹೊರಗೆ ಬರಲಿಲ್ಲ.

ಇದರ ಕಾರಣವು ಈಗ ಚೆನ್ನಾಗಿ ತಿಳಿದಿದೆ. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಹೊರಡುವ ಎರಡು ಸ್ರಾವಗಳು ಈ ಕಾರ್ಯದಲ್ಲಿ ಮುಖ್ಯವಾದುವು. ಅದರ ಮುಂಭಾಗದಿಂದ ಬರುವ ಪ್ರೊಲ್ಯಾಕ್ಟಿನ್ ಹಾಲನ್ನು ಹುಟ್ಟಿಸುತ್ತದೆ. ಹಿಂಭಾಗದಿಂದ ಬರುವ ಆಕ್ಸಿಟೋಸಿನ್ ಕ್ಷೀರಕೋಶಗಳನ್ನು ಸುತ್ತಿಕೊಂಡಿರುವ ಸೂಕ್ಷ್ಮ ಮಾಂಸತಂತುಗಳನ್ನು ಹಿಂಡಿ, ಹುಟ್ಟಿದ ಹಾಲನ್ನು ನಾಳಗಳಿಗೆ ಇಳಿಸುತ್ತದೆ. ಕೂಸು ಎಳೆದು ಕುಡಿಯುವುದರಿಂದ ಮಾತ್ರ ಹಾಲು ಬರುವುದೆಂಬುದು ಸರಿಯಲ್ಲ. ಒಳಗಿನಿಂದ ಹಿಂಡುವ ಕೈಯೊಂದು ಬೇಕು. ಮ್ಯಾಕ್‌ನೀಲಿ ಮೊದಲಾದವರು ೧೯೮೩ರಲ್ಲಿ ಹಾಲೂಡಿಸುವ ತಾಯಂದಿರ ರಕ್ತವನ್ನು ಪರೀಕ್ಷಿಸಿದಾಗ ಇವೆರಡರ ನಡತೆಯು ಬೇರೆ ಬೇರೆಯೆಂಬುದು ಸ್ಪಷ್ಟವಾಯಿತು. ಹೆಚ್ಚಿನವರಲ್ಲಿ ಕೂಸು ಅತ್ತೊಡನೆಯೇ, ಇನ್ನೂ ಬಾಯಿ ತಾಗುವುದಕ್ಕೆ ಮುಂಚೆಯೇ, ಆಕ್ಸಿಟೋಸಿನ್ ಏರಿತು. ಪ್ರೊಲ್ಯಾಕ್ಟಿನ್ ಆದರೋ ಕೂಸು ಚೀಪತೊಡಗಿದ ಮೇಲೆಯೇ ಏರಿತು. ಎಂದರೆ ದರ್ಶನ ಸ್ಮರಣಗಳಿಗೆ ಓಗೊಡುವುದು ಹರಿವಿನ ಸ್ರಾವ. ಹುಟ್ಟಿನ ಸ್ರಾವಕ್ಕೆ ಸ್ಪರ್ಶವೇ ಬೇಕು. ಸುಶ್ರುತನಿಗೆ ಈ ಸ್ರಾವಗಳು ಗೊತ್ತಿದ್ದುವೆಂದು ಯಾರೂ ಸಾಧಿಸಬೇಕಾಗಿಲ್ಲ. ಅಂಥ ಸಾಧನೆಗಳಿಂದ ಗ್ರಂಥದ ಗೌರವ ಹೆಚ್ಚುವುದೂ ಇಲ್ಲ. ಅವನು ನೋಡಿದುದನ್ನು ಸರಿಯಾಗಿ ನೋಡಿದನೆಂಬಷ್ಟೇ ಸಾಕು.

ಚಿಂತೆಯು ಇವುಗಳಲ್ಲಿ ಯಾವುದನ್ನು ತಡೆಯುತ್ತದೆ? ೧೯೪೮ರಲ್ಲಿ ಮೈಕೆಲ್ ನ್ಯೂಟನ್ ಮತ್ತು ನೈಲ್ಸ್ ನ್ಯೂಟನ್ ದಂಪತಿಗಳು ಪ್ರಕಟಿಸಿದ ಪ್ರಯೋಗವು ಇಲ್ಲಿ ಮುಖ್ಯವಾದುದು. ಹಾಲೂಡಿಸುತ್ತಿದ್ದ ಒಬ್ಬ ತಾಯಿಯನ್ನು ಕೆಲವು ದಿನ ನೆಮ್ಮದಿಯಾಗಿ ಬಿಟ್ಟು, ಕೆಲವು ದಿನ ಕಾಲುಗಳನ್ನು ಮಂಜಿನ ನೀರಿನಲ್ಲಿ ಇಡಿಸುವುದು, ಲೆಕ್ಕ ಕೇಳುವುದು ಮೊದಲಾದವುಗಳಿಂದ ಪೀಡಿಸಿ, ಕೂಸಿಗೆ ದೊರೆತ ಹಾಲನ್ನು ತೂಗಿದರು. ನೆಮ್ಮದಿಯ ದಿನಗಳಲ್ಲಿ ಸರಾಸರಿ ೧೬೮ ಗ್ರಾಂ; ಪೀಡೆಯ ದಿನಗಳಲ್ಲಿ ೯೯ ಗ್ರಾಂ. ಪೀಡೆಯನ್ನು ಹಾಗೆಯೇ ಇಟ್ಟು ಆಕ್ಸಿಟೋಸಿನ್ ಚುಚ್ಚಿದ ದಿನಗಳಲ್ಲಿ ೧೫೩ ಗ್ರಾಂ. ಈ ಮೂರನೆಯ ಸಂಖ್ಯೆಯಲ್ಲಿ ಪ್ರಕೃತ ವಿಷಯದ ಪ್ರಾಣವಿದೆ. ಪೀಡೆಯಿಂದ ಹಾಲು ಬತ್ತಿದ್ದರೆ ಚುಚ್ಚುಮದ್ದಿನಿಂದ ಆ ಕ್ಷಣದಲ್ಲಿ ಅದು ಎಲ್ಲಿಂದ ಬರಬೇಕು? ಹಾಲು ಅಲ್ಲಿಯೇ ಇತ್ತು. ಪರೀಕ್ಷೆಗೊಳಗಾದವಳು ಒಬ್ಬಳೇ ತಾಯಿಯಾದುದು ಈ ಪ್ರಯೋಗದ ಕೊರತೆ. ಆದರೆ ೧೯೯೪ರಲ್ಲಿ ಜಪಾನಿನ ಉಯೆದಾ ಮೊದಲಾದವರು ಹಲವು ತಾಯಂದಿರಿಗೆ ಮನೋಗಣಿತವನ್ನೂ ಗದ್ದಲವನ್ನೂ ಒಡ್ಡಿ ನೋಡಿದಾಗ ಅಲೆಅಲೆಯಾಗಿ ಬರಬೇಕಾದ ಆಕ್ಸಿಟೋಸಿನ್ ಕಡಿಮೆಯಾಯಿತು. ಪ್ರೊಲ್ಯಾಕ್ಟಿನ್‌ನಲ್ಲಿ ಗಣನೀಯವಾದ ಭೇದವು ಕಾಣಲಿಲ್ಲ.

ಹಾಗಾದರೆ ‘ಚಿಂತೆಯಿಂದ ಹಾಲು ಬತ್ತಿತು’ ಎಂಬ ಲೋಕೋಕ್ತಿಯು ಬರಿಯ ಸುಳ್ಳೆ? ಅಷ್ಟು ಸುಲಭವಾಗಿ ತಳ್ಳುವಂತಿಲ್ಲ. ಎದೆಯಲ್ಲಿ ಉಳಿದ ಹಾಲು ಹೊಸ ಹಾಲಿನ ಹುಟ್ಟನ್ನು ತಗ್ಗಿಸುತ್ತದೆ. ಇದು ಆಯಾ ಸ್ತನದಲ್ಲಿಯೇ ನಡೆಯುವ ಕಟ್ಟುಪಾಡು, ಒಂದು ಬರಿದಾಗಿ ಇನ್ನೊಂದು ತುಂಬಿಯೇ ಉಳಿದರೆ ಎರಡರ ಗತಿಯೂ ಬೇರೆಯಾಗುತ್ತದೆ. ಆದುದರಿಂದ ದಿನಗಟ್ಟಲೆ ಇಳಿಯದ ಹಾಲು ಕೊನೆಗೆ ಹುಟ್ಟುವುದನ್ನೂ ಕಡಿಮೆಮಾಡುತ್ತದೆ. ಮೊದಲು ಕಟ್ಟುವುದು, ಆಮೇಲೆ ಬತ್ತುವುದು. ಸುಶ್ರುತದ ಮಾತಿನಲ್ಲಿ ಹೇಳುವುದಾದರೆ ನಾಶವು ಮುಂದುವರಿದು ಕ್ಷಯವಾಗುವುದು. ಕಟ್ಟಿದ ಹೊತ್ತಿನಲ್ಲಿಯೇ ಹೊರಹಾಲನ್ನು ಕುಡಿಸಿ ಕೂಸಿನ ಹಸಿವನ್ನು ತೀರಿಸಿಬಿಟ್ಟರೆ ಅದು ಚೀಪುವುದು ತಗ್ಗಿ, ಈ ಎರಡನೆಯ ಅವಸ್ಥೆಯು ಬೇಗ ಬರುತ್ತದೆ. ಹಾಲು ಬತ್ತಿತೆಂಬ ಮಾತು ಆಗ ತನ್ನನ್ನು ತಾನೇ ನಿಜಮಾಡಿಕೊಳ್ಳುತ್ತದೆ.

ಹೆರಿಗೆಯ ಮೊದಲ ದಿನಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಮಾಸು ಕಳಚಿದೊಡನೆ ತಾಯಿಯ ರಕ್ತದಲ್ಲಿ ಪ್ರೊಜೆಸ್ಟೆರೋನ್ ಇಳಿಯುತ್ತದೆ. ಅದಾದ ಎರಡು ಮೂರು ದಿನಗಳಲ್ಲಿ ಹಾಲು ತುಂಬಿಕೊಳ್ಳುತ್ತದೆ. ಸಂಹಿತೆಯ ಮೂರು ನಾಲ್ಕು ರಾತ್ರಿಗಳ ಲೆಕ್ಕಕ್ಕೆ ಇದು ಸಮೀಪವೇ. ಚೆನ್, ಡ್ಯೂಯಿ ಮೊದಲಾದವರು ೧೯೯೮ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬಹಳ ಹೊತ್ತಿನ ಕಷ್ಟದ ಹೆರಿಗೆಯಾಗಿ ತಾಯಿಗೂ ಕೂಸಿಗೂ ಹೆಚ್ಚು ಆಯಾಸವಾದ ಕಡೆಗಳಲ್ಲಿ ಈ ತುಂಬುವಿಕೆಯು ತಡವಾಗುತ್ತದೆ. ಚೊಚ್ಚಲ ಹೆರಿಗೆ, ಶಸ್ತ್ರಕ್ರಿಯೆಯ ಹೆರಿಗೆ, ಮಧುಮೇಹ ಇವುಗಳಲ್ಲಿಯೂ ತಡವಾಗುವುದುಂಟು. ಇಲ್ಲಿ ಮಾತ್ರ ಪೀಡೆಯು ಹರಿವನ್ನಲ್ಲದೆ ಹುಟ್ಟಿನ ಆರಂಭವನ್ನೂ ಮುಟ್ಟುವಂತೆ ಕಾಣುತ್ತದೆ. ಮೇಲೆ ಹೇಳಿದ ಭೇದಕ್ಕೆ ಇದೊಂದು ಅಪವಾದವೆಂದು ಒಪ್ಪಬೇಕು. ಆದರೆ ತಡವಾಗುವುದು ಇಲ್ಲವಾಗುವುದಲ್ಲ. ಅದಲ್ಲದೆ ಕಾರ್ಯಕಾರಣಗಳು ತಿರುಗುಮುರುಗಾಗುವುದೂ ಉಂಟು: ಚಿಂತೆಯಿಂದ ಹಾಲು ತಡವಾಗುವಂತೆಯೇ ತಡವಾದ ಹಾಲಿನಿಂದ ಚಿಂತೆಯೂ ಹುಟ್ಟುತ್ತದೆ, ಹೊರಗಿನಿಂದ ನೋಡುವವರಿಗೆ ಯಾವುದು ಮೊದಲೆಂದು ತಿಳಿಯುವುದಿಲ್ಲ.

ಈ ಮೂರು ದಿನಗಳ ಆಹಾರವಿಧಿಯಲ್ಲಿ ಸಂಹಿತೆಗಳಿಗ ಒಮ್ಮತವಿಲ್ಲ. ಸುಶ್ರುತದಲ್ಲಿ ಕೂಸಿಗೆ ಮೊದಲು ಜೇನು ತುಪ್ಪಗಳನ್ನು ವಿಧಿಸಿ ಸ್ತನ್ಯವನ್ನು ಆಮೇಲೆ ಹೇಳಿದೆ. ಚರಕದಲ್ಲಿ ಜೇನು ತುಪ್ಪಗಳನ್ನು ನೆಕ್ಕಿಸಿದ ಬೆನ್ನಿಗೇ ಬಲದ ಸ್ತನವನ್ನು ಕೊಡಬೇಕೆಂದಿದೆ. ಮೊದಲ ದಿನದ ಗಟ್ಟಿಯಾದ ಹಳದಿ ಹಾಲು ಸ್ವಲ್ಪವೇ ಆದರೂ ರೋಗನಿರೋಧಕವಾದುದೆಂದೂ, ಕೂಸನ್ನು ಒಂದು ಗಂಟೆಯೊಳಗೆ ಎದೆಗೆ ಹಾಕಬೇಕೆಂದೂ, ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನೂ ಬೇಡವೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಎದೆಗೆ ಹಾಕುವ ಕಾಲದಲ್ಲಿ ಚರಕನ ಪಕ್ಷವೇ ಇದಕ್ಕೆ ಹತ್ತಿರ. ಜೇನನ್ನಾದರೋ ವರ್ಷ ತುಂಬದ ಮಕ್ಕಳಿಗೆ ಕೊಡಲೇಬಾರದೆಂಬುದು ಇಂದಿನ ವೈದ್ಯರ ನಿಶ್ಚಯ. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣುವು ಎಳೆಯ ಕರುಳಿನಲ್ಲಿ ವಿಷವನ್ನು ಹುಟ್ಟಿಸಬಲ್ಲುದು. ಈ ಅಂಶದಲ್ಲಿ ಪ್ರಾಚೀನರನ್ನು ಅನುಸರಿಸುವಂತಿಲ್ಲ.

ಅನುಸರಿಸಬಾರದ ಇನ್ನೊಂದು ವಿಧಿಯೂ ಅಲ್ಲಿಯೇ ಇದೆ. ಹಸಿದವಳ, ಶೋಕಾರ್ತಳ, ದಣಿದವಳ, ಜ್ವರಿತಳ ಹಾಲನ್ನು ಕೂಸಿಗೆ ಕುಡಿಸಬಾರದೆಂದು ಸುಶ್ರುತದ ನಿಷೇಧ. ಇದನ್ನು ತಾಯಿಗೆ ಹಚ್ಚಿ, ಸಾವಿನ ಸುದ್ದಿ ಬಂದ ಮನೆಯಲ್ಲಿ ಬಾಣಂತಿಯ ಎದೆಯಿಂದ ಕೂಸನ್ನು ಬಿಡಿಸಿಕೊಳ್ಳುವುದು ಅವಿಚಾರ. ಈ ನಿಷೇಧವು ಧಾತ್ರಿಯ, ಎಂದರೆ ಹಾಲೂಡಿಸಲು ಗೊತ್ತುಮಾಡಿದ ದಾದಿಯ ಪ್ರಕರಣದಲ್ಲಿ ಬಂದುದು. ಅಲ್ಲಿ ಒಬ್ಬಳನ್ನು ಬಿಟ್ಟು ಇನ್ನೊಬ್ಬಳನ್ನು ಆರಿಸುವುದಕ್ಕೆ ಅವಕಾಶವಿತ್ತು. ತಾಯಿಯ ವಿಷಯದಲ್ಲಿ ಅಂಥ ಆಯ್ಕೆಯಿಲ್ಲ. ಕೂಸನ್ನು ಬಿಡಿಸಿದರೆ ಹಾಲು ಕಟ್ಟುತ್ತದೆ, ಕಟ್ಟಿದರೆ ಬತ್ತುತ್ತದೆ.

ಇನ್ನು ಚಿಕಿತ್ಸೆ. ಸ್ತನ್ಯನಾಶವನ್ನು ಹೇಳಿದೊಡನೆಯೇ ಸುಶ್ರುತದಲ್ಲಿ ದೀರ್ಘವಾದ ದ್ರವ್ಯಸೂಚಿಯಿದೆ: ಯವ, ಗೋಧಿ, ಶಾಲಿ, ಷಷ್ಟಿಕ, ಮಾಂಸರಸ, ಲಶುನ, ಶೃಂಗಾಟಕ, ವಿದಾರೀಕಂದ, ಶತಾವರಿ ಇತ್ಯಾದಿ. ಬಾಣಂತಿಯ ಊಟಕ್ಕೆ ಬೆಳ್ಳುಳ್ಳಿಯು ತಪ್ಪದೆ ಬರುವುದಕ್ಕೂ ಔಷಧದಂಗಡಿಗಳಲ್ಲಿ ಶತಾವರಿಯ ಲೇಹ್ಯಗಳು ಮಾರಾಟವಾಗುವುದಕ್ಕೂ ಇದೇ ಬಗೆಯ ಸೂಚಿಗಳು ಆಧಾರ. ಆದರೆ ಎಲ್ಲರೂ ಸೂಚಿಯನ್ನು ಓದುವರೇ ಹೊರತು ಅದರ ಹಿಂದಿನ ಎರಡು ಪದಗಳನ್ನು ಓದುವುದಿಲ್ಲ. ‘ಸೌಮನಸ್ಯ’ವನ್ನು ‘ಉತ್ಪಾದ್ಯ’, ಎಂದರೆ ಅವಳಲ್ಲಿ ಒಳ್ಳೆಯ ಮನಸ್ಸನ್ನು ಹುಟ್ಟಿಸಿ, ಆಮೇಲೆ ಈ ದ್ರವ್ಯಗಳನ್ನು ವಿಧಿಸಬೇಕೆಂದು ವಾಕ್ಯದ ರಚನೆ. ‘ಉತ್ಪಾದ್ಯ’ವು ಲ್ಯಬಂತ. ಪೂರ್ವಕಾಲದ ಕ್ರಿಯೆಗೆ ಈ ಪ್ರತ್ಯಯವು ಬರುವುದರಿಂದ ಸೌಮನಸ್ಯವು ಬೆಳ್ಳುಳ್ಳಿಗಿಂತ ಮೊದಲು. ಇಷ್ಟೇ ಅಲ್ಲ. ಎರಡು ಕ್ರಿಯೆಗಳಿಗೂ ಕರ್ತೃವು ಒಬ್ಬನೇ ಆದಾಗ ಮಾತ್ರ ಹೀಗೆ ಹೇಳಬೇಕೆಂದು ಪಾಣಿನಿಯ ನಿಯಮ (೩.೪.೨೧). ದ್ರವ್ಯಗಳನ್ನು ವಿಧಿಸುವವನು ವೈದ್ಯ, ಒದಗಿಸುವವರು ಮನೆಯವರು. ಸೌಮನಸ್ಯವನ್ನು ಹುಟ್ಟಿಸಬೇಕಾದವರೂ ಅವರೇ. ‘ಚಿಂತೆ ಮಾಡಬೇಡ’ವೆಂದು ಬಾಣಂತಿಗೆ ಅಪ್ಪಣೆಮಾಡಿ ಆ ಕ್ರಿಯೆಯ ಕರ್ತೃತ್ವವನ್ನು ಅವಳ ಮೇಲೆಯೇ ಹೊರಿಸುವುದು ವೈದ್ಯಕ್ಕೂ ಸಲ್ಲದು, ವ್ಯಾಕರಣಕ್ಕೂ ಸಲ್ಲದು.

ಈ ಪೂರ್ವಕ್ರಿಯೆಯ ಫಲವನ್ನು ಅಳೆದು ನೋಡಿದ್ದಾರೆ. ೧೯೮೯ರಲ್ಲಿ ಫೆಹರ್ ಮೊದಲಾದವರು, ದಿನ ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯಲ್ಲಿದ್ದ ಕೂಸುಗಳಿಗಾಗಿ ಹಾಲನ್ನು ಹಿಂಡಿ ಕೊಡುತ್ತಿದ್ದ ತಾಯಂದಿರಲ್ಲಿ ಕೆಲವರಿಗೆ ಮನಸ್ಸನ್ನು ಸಡಿಲಿಸುವ ಧ್ವನಿಮುದ್ರಿಕೆಯನ್ನು ಕೇಳಿಸಿದರು. ಒಂದು ಸಲದ ಹಿಂಡುವಿಕೆಯಲ್ಲಿ ಅವರ ಹಾಲು ಉಳಿದವರದಕ್ಕಿಂತ ನೂರಕ್ಕೆ ೬೩ರಷ್ಟು ಹೆಚ್ಚಾಗಿತ್ತು. ಮಲೇಷ್ಯಾದಲ್ಲಿ ನಡೆದು ೨೦೧೯ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದೇ ಬಗೆಯ ಧ್ವನಿಮುದ್ರಿಕೆಯನ್ನು ಕೇಳಿದ ತಾಯಂದಿರ ಕೂಸುಗಳು ಹೆಚ್ಚು ತೂಕವನ್ನು ಪಡೆದುವು. ಧ್ವನಿಮುದ್ರಿಕೆಯೇ ಬೇಕೆಂದಲ್ಲ. ಕೂಸನ್ನು ತಾಯಿಯ ಮೈಗೆ ಮೈ ತಾಗಿಸಿ ಮಲಗಿಸುವುದು, ಎದೆ ಕಟ್ಟಿದಾಗ ಬಿಸಿನೀರಿನ ಬಟ್ಟೆಯಿಂದ ಒತ್ತಿ ಸ್ವಲ್ಪ ಹಾಲನ್ನು ಹಿಂಡಿ ಮತ್ತೆ ಕೂಸಿಗೆ ಕೊಡುವುದು, ಹಾಲೂಡುವ ಹೊತ್ತಿನಲ್ಲಿ ನೋಡಬಂದವರ ಗುಂಪನ್ನು ಕೋಣೆಯಿಂದ ಹೊರಗಿಡುವುದು, ಇವೆಲ್ಲ ಆ ವಿಧಿಯಲ್ಲಿಯೇ ಅಡಗಿವೆ. ಚರಕನು ಹೆಸರಿಸಿದ ರಾತ್ರಿಯ ನಿದ್ದೆಗೇಡಿಗೆ ಹಾಲೂಡುವ ಎರಡು ಹೊತ್ತುಗಳ ನಡುವೆ ಕೂಸನ್ನು ಎತ್ತಿಕೊಳ್ಳುವ ಮತ್ತೊಂದು ಕೈಯೇ ಔಷಧ. ಹಾಲು ಸಾಕೆ ಎಂಬ ಸಂಶಯಕ್ಕೆ ಎದೆಯನ್ನು ಒತ್ತಿ ನೋಡುವುದು ಉತ್ತರವಲ್ಲ. ಐದಾರು ದಿನಗಳಾದಮೇಲೆ ಕೂಸು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುವುದು, ಎರಡು ವಾರಗಳ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮರಳುವುದು ಸಾಕೆಂಬುದಕ್ಕೆ ಗುರುತು. ಹೀಗಾಗದಿದ್ದರೆ ವೈದ್ಯರಿಗೆ ತೋರಿಸಬೇಕು. ದುಗುಡವು ಎರಡು ವಾರ ಮೀರಿ ನಿಂತು ಊಟ ನಿದ್ದೆಗಳನ್ನು ಕೆಡಿಸಿದರೆ ಅದು ಸ್ತನ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಸೂತಿಕೆಯ ಆ ವ್ಯಾಧಿಗೆ ಬೇರೆಯೇ ಚಿಕಿತ್ಸೆಯಿದೆ, ಅದರಲ್ಲಿ ಕೊಡುವ ಔಷಧಗಳಲ್ಲಿ ಹಲವು ಹಾಲೂಡಿಸುವುದಕ್ಕೆ ಅಡ್ಡಿಯಾಗುವುದೂ ಇಲ್ಲ.